ಕಂಪ್ಯೂಟರಿನ ಬೆನ್ನಿನ ಕಡೆ ಕೂತವರು

ನಾನು ಒಂದು ತಿರುಗುವ ಸ್ಟೂಲು. ಮೂರು ಕಬ್ಬಿಣದ ಕಾಲು, ನಡುವೆ ಒಂದು ದಪ್ಪ ತಿರುಪು, ಅದರ ಮೇಲೆ ಊಟದ ತಟ್ಟೆಗಿಂತ ಸ್ವಲ್ಪ ಅಗಲವಾದ ಗುಂಡು ಹಲಗೆ. ಇಷ್ಟೇ ನನ್ನ ಮೈ. ಎಲ್ಲರಿಗಿಂತ ಕೆಳಗಿರುವುದರಿಂದ ಜನರ ಮುಖ ನಾನು ಕಂಡದ್ದು ಕಡಿಮೆ. ಅವರ ಮಂಡಿ, ಪಾದ, ಸೀರೆಯ ಅಂಚು, ಪಂಚೆಯ ತುದಿ, ಇವೇ ನನಗೆ ಪರಿಚಯ. ಆದರೆ ಮೇಲೆ ಕೂತವರ ಭಾರ ನನಗೆ ಬೇಕಾದಷ್ಟು ಹೇಳುತ್ತದೆ. ಹೆದರಿದವರು ತುದಿಯಲ್ಲಿ ಕೂರುತ್ತಾರೆ. ಸುಳ್ಳು ಹೇಳುವವರು ಸ್ವಲ್ಪ ಹಿಂದಕ್ಕೆ ಜರುಗುತ್ತಾರೆ. ಹೌದು ಎಂದು ತಲೆ ಆಡಿಸಿದರೆ ಭಾರ ಮುಂದಕ್ಕೂ ಹಿಂದಕ್ಕೂ ಹೋಗಿ ಬರುತ್ತದೆ. ಇಲ್ಲ ಎಂದು ಆಡಿಸಿದರೆ ಎಡಕ್ಕೆ, ಬಲಕ್ಕೆ. ಇದನ್ನು ಈಗಲೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಒಬ್ಬ ಹೆಣ್ಣುಮಗಳ ಜೀವ ಒಮ್ಮೆ ಇಂಥ ಒಂದು ತಲೆಯಾಟದ ಮೇಲೆಯೇ ನಿಂತಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಹುಟ್ಟಿನ ಮಾತು ಆಗಲಿ.

ದಾವಣಗೆರೆಯ ಹಳೇ ಪೇಟೆಯಲ್ಲಿ ಇಮಾಮ್‌ಸಾಬರ ವೆಲ್ಡಿಂಗ್ ಅಂಗಡಿ ಇತ್ತು. ಅಲ್ಲಿ ನಾನು ಹುಟ್ಟಿದೆ. ಮೊದಲು ಕಂಡದ್ದು ಕಣ್ಣು ಕುಕ್ಕುವ ನೀಲಿ ಬೆಳಕು, ಆಮೇಲೆ ಕಿಡಿಗಳ ಸುರಿಮಳೆ. ಕಾಲುಗಳಿಗೆ ಹೊಸ ಪೈಪು ಹಾಕಿದರು. ತಿರುಪು ಮಾತ್ರ ಒಂದು ಹತ್ತಿ ಕಾರ್ಖಾನೆಯ ಗುಜರಿಯಿಂದ ತಂದದ್ದು. ಹಾಗಾಗಿ ನನ್ನ ಸೊಂಟ ವಯಸ್ಸಿನಲ್ಲಿ ನನ್ನ ಕಾಲುಗಳಿಗಿಂತ ದೊಡ್ಡದು. ಕೆಲಸ ಮುಗಿದ ಮೇಲೆ ಇಮಾಮ್‌ಸಾಬರು ನನ್ನ ಹಲಗೆಯನ್ನು ಅಂಗೈಯಿಂದ ಒಮ್ಮೆ ಬೀಸಿ ತಿರುಗಿಸಿದರು. ನಾನು ಗಿರಗಿರನೆ ತಿರುಗಿ ಮೇಲೇರಿದೆ. ಅವರಿಗೆ ಖುಷಿಯಾಯಿತು. ಆದರೆ ಹಲಗೆಗೂ ತಿರುಪಿಗೂ ನಡುವೆ ಒಂದು ಸಂದು ಉಳಿದುಬಿಟ್ಟಿತ್ತು. ಅಲ್ಲಿ ಒಂದು ತಗಡಿನ ಬಿಲ್ಲೆ ಹಾಕದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ ಎಂದರು. ಮಾಡಿಸಲು ಬಂದವರಿಗೆ ಅವಸರ. ಇರಲಿ ಬಿಡಿ ಸಾಬರೆ, ಮುಂದೆ ನೋಡೋಣ ಎಂದು ಎತ್ತಿಕೊಂಡು ಹೊರಟರು. ಆ ಬಿಲ್ಲೆ ಕೊನೆಗೂ ಬೀಳಲಿಲ್ಲ. ಸೀರೆಯ ಅಂಚು ಕಂಡರೆ ಬಾಯಿಗೆ ಹಾಕಿಕೊಳ್ಳುವ ಕೆಟ್ಟ ಚಾಳಿ ನನಗೆ ಬಂದದ್ದು ಹೀಗೆ.

ನನ್ನನ್ನು ಮಾಡಿಸಿದವರು ಗುರುಶಾಂತಪ್ಪ ಎಂಬ ಫೋಟೋದವರು. ಮದುವೆಗೆ ಗೊತ್ತಾದ ಹುಡುಗಿಯರು, ಹೊಸ ಟೋಪಿ ಹಾಕಿದ ಮಕ್ಕಳು, ಇನ್ನು ಎಷ್ಟು ದಿನವೋ ಎಂದು ಮನೆಯವರು ಕರೆತಂದ ಮುದುಕರು, ಎಲ್ಲರೂ ನನ್ನ ಮೇಲೆ ಕೂತರು. ಎದುರಿಗೆ ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾ. ನನ್ನಂತೆಯೇ ಮೂರು ಕಾಲು ಎಂದು ಅದರ ಮೇಲೆ ನನಗೊಂದು ನೆಂಟಸ್ತಿಕೆಯ ಭಾವ. ಗುರುಶಾಂತಪ್ಪನವರು ಅದರ ಹಿಂದೆ ಕರಿಯ ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದರು. ಕೂತವರು ಉಸಿರು ಬಿಗಿ ಹಿಡಿಯುತ್ತಿದ್ದರು. ಅವರು ಮತ್ತೆ ಬಟ್ಟೆಯಿಂದ ಹೊರಗೆ ಬಂದು, ಹತ್ತಿರ ನಡೆದು, ಎರಡು ಬೆರಳಿನಲ್ಲಿ ಗಲ್ಲ ಹಿಡಿದು ಮುಖ ಸರಿಮಾಡಿ, ಒಂದು ಮಾತಾಡಿಸಿ, ಮತ್ತೆ ಒಳಗೆ ಹೋಗುತ್ತಿದ್ದರು. ಯಾಕೆ ಇಷ್ಟು ಸಲ ಒಳಗೆ ಹೊರಗೆ ಎಂದು ಒಬ್ಬರು ಕೇಳಿದ್ದಕ್ಕೆ, ಬಟ್ಟೆಯೊಳಗಿಂದ ನೋಡಿದರೆ ಮನುಷ್ಯ ತಲೆಕೆಳಗಾಗಿ ಕಾಣುತ್ತಾನೆ, ಹೊರಗೆ ಬಂದು ನೋಡದೆ ಹೋದರೆ ಯಾರು ಎಂಬುದೇ ಮರೆತುಹೋಗುತ್ತದೆ ಎಂದರು. ಆ ಮಾತು ನನ್ನ ತಿರುಪಿನಲ್ಲಿ ಎಲ್ಲೋ ಸೇರಿಕೊಂಡಿತು.

ಅವರಿಗೆ ಕಣ್ಣು ಮಂದವಾದ ಮೇಲೆ ಅಂಗಡಿ ಮುಚ್ಚಿತು. ಅಲ್ಲಿಗೆ ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದ ಚನ್ನವೀರಪ್ಪ ಡಾಕ್ಟರು ನನ್ನನ್ನು ಕೇಳಿ ಪಡೆದರು. ಅವರಿಗೆ ಬೇಕಾದದ್ದು ನನ್ನ ತಿರುಗಾಟ. ಎದೆಗೆ ಕೊಳವೆ ಇಟ್ಟು ನೋಡಿದ ಮೇಲೆ ಬೆನ್ನಿಗೂ ಇಟ್ಟು ನೋಡಬೇಕಲ್ಲ. ಸುಸ್ತಾದ ರೋಗಿ ಎದ್ದು ತಿರುಗಬೇಕಿಲ್ಲ, ಕೂತಲ್ಲೇ ತಿರುಗಿಸಿದರೆ ಸಾಕು. ಅವರ ಕಾಂಪೌಂಡರ್ ನಾಗೋಜಿ ನನ್ನನ್ನು ಹೆಗಲ ಮೇಲೆ ಹೊತ್ತು ತಂದು ಮೇಜಿನ ಮೂಲೆಗೆ, ಡಾಕ್ಟರ ಎಡಗೈ ಬದಿಗೆ ಇಟ್ಟ. ರೋಗಿಯ ಮಂಡಿಗೂ ಡಾಕ್ಟರ ಮಂಡಿಗೂ ನಡುವೆ ಒಂದು ಗೇಣು ಜಾಗ.

ಆ ಕೋಣೆಯ ರೀತಿಗಳನ್ನು ನಾನು ಮೆಲ್ಲಗೆ ಕಲಿತೆ. ಎಲ್ಲ ಕಡೆ ಹೊರಡುವಾಗ ಹೋಗಿ ಬರ್ತೀನಿ ಎನ್ನುವ ಜನ ಇಲ್ಲಿ ಮಾತ್ರ ಆ ಮಾತು ಎತ್ತುವುದಿಲ್ಲ. ಮತ್ತೆ ಬರುವುದು ಯಾರಿಗೆ ಬೇಕು? ಸುಮ್ಮನೆ ಕೈ ಮುಗಿದು ಏಳುತ್ತಾರೆ. ಇನ್ನೊಂದು ವಿಷಯ, ನಿಜವಾದ ಕಾಯಿಲೆ ಕೂತಾಗ ಬಾಯಿಗೆ ಬರುವುದಿಲ್ಲ. ಕೂತಾಗ ಹೇಳುವುದು ನೆಗಡಿ, ಮೈಕೈ ನೋವು, ಊಟ ಸೇರದಿರುವುದು. ಎಲ್ಲ ಮುಗಿದು, ಚೀಟಿ ಕೈಗೆ ಬಂದು, ಮೈ ಅರ್ಧ ಮೇಲೆದ್ದು, ನನ್ನ ಮೇಲೆ ಇನ್ನೂ ಅರ್ಧ ಭಾರ ಇರುವಾಗ, "ಅಂದಂಗೆ ಡಾಕ್ಟ್ರೇ" ಎಂದು ಒಂದು ಮಾತು ಶುರುವಾಗುತ್ತದೆ. ಅದೇ ಕಾಯಿಲೆ. ಗಂಟು ಇರುವುದು, ರಕ್ತ ಹೋಗುವುದು, ಮಗ ಕುಡಿದು ಬಂದು ಹೊಡೆಯುವುದು, ಎಲ್ಲವೂ ಈ ಅರ್ಧ ಎದ್ದ ಮಾತಿನಲ್ಲೇ ಹೊರಬರುತ್ತಿತ್ತು. ಚನ್ನವೀರಪ್ಪನವರಿಗೆ ಅದು ಗೊತ್ತಿತ್ತು. ಚೀಟಿ ಕೊಟ್ಟ ಮೇಲೆ ಅವರು ಪೆನ್ನಿಗೆ ಮುಚ್ಚಳ ಹಾಕಿ, ಮುಂದಿನವರನ್ನು ಕರೆಯದೆ, ಸುಮ್ಮನೆ ಕೂತಿರುತ್ತಿದ್ದರು. ಆ ಮುಚ್ಚಳದ ಟಕ್ ಎನ್ನುವ ಸದ್ದು ಕೇಳಿದರೆ ನನಗೆ ಗೊತ್ತು, ಈಗ ಬರುತ್ತದೆ ಎಂದು.

ಅವರಿಗೆ ವಯಸ್ಸಾಯಿತು. ಆಸ್ಪತ್ರೆಯನ್ನು ವಿನುತಾ ಎಂಬ ಡಾಕ್ಟರಮ್ಮನ ಕೈಗೆ ಒಪ್ಪಿಸಿ ಮನೆಯಲ್ಲಿ ಕೂತರು. ನಾಗೋಜಿ ಮಾತ್ರ ಉಳಿದುಕೊಂಡ, ನಾನು ಉಳಿದುಕೊಂಡೆ. ಡಾಕ್ಟರಮ್ಮನಿಗೆ ಮೂವತ್ತು ದಾಟಿತ್ತೋ ಇಲ್ಲವೋ. ಕಾಲಿಗೆ ಸಾದಾ ಚಪ್ಪಲಿ, ಚುರುಕು ನಡಿಗೆ. ಜನರ ಮೇಲೆ ಪ್ರೀತಿ ಇತ್ತು. ಅದನ್ನು ನಾನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ಅವರನ್ನು ತಪ್ಪು ತಿಳಿಯಬಹುದು.

ಅವರ ಜೊತೆ ಕಂಪ್ಯೂಟರ್ ಬಂತು. ದಪ್ಪ ಬೆನ್ನಿನದು, ಟಿವಿಯಂಥದು. ಮೇಜಿನ ಮೇಲೆ ಅದಕ್ಕೆ ಜಾಗ ಮಾಡಲು ನನ್ನನ್ನು ಮೂಲೆಯಿಂದ ಎತ್ತಿ ಮೇಜಿನ ಆಚೆ ಬದಿಗೆ ಇಟ್ಟರು. ಅಂದಿನಿಂದ ಡಾಕ್ಟರಮ್ಮ ಆ ಕಡೆ, ರೋಗಿ ಈ ಕಡೆ, ನಡುವೆ ಅದು. ಅದರ ಮುಖ ಅವರಿಗೆ. ಬೆನ್ನು ನಮಗೆ. ಬೆನ್ನಿನಲ್ಲಿ ಏನಿತ್ತು ಎನ್ನುತ್ತೀರಿ? ಗಾಳಿಯಾಡಲು ಬಿಟ್ಟ ಉದ್ದುದ್ದ ಸೀಳು, ಧೂಳು, ಒಂದಕ್ಕೊಂದು ಸುತ್ತಿಕೊಂಡ ವೈರು, ಅರ್ಧ ಕಿತ್ತ ಒಂದು ಚೀಟಿ. ಇಷ್ಟು. ಫೋಟೋ ಅಂಗಡಿಯ ಯಂತ್ರ ಕೂತವರ ಮುಖ ನೋಡುತ್ತಿತ್ತು. ಇದು ಬೆನ್ನು ತಿರುಗಿಸಿ ಕೂತಿತ್ತು. ಆ ಕಡೆ ಏನಿರಬಹುದು? ನನ್ನ ಇಡೀ ಜೀವನದಲ್ಲಿ ಇಷ್ಟು ಕುತೂಹಲ ನನಗೆ ಯಾವುದರ ಮೇಲೂ ಹುಟ್ಟಿರಲಿಲ್ಲ.

ಕೂತವರಿಗೂ ಅದೇ ಚಿಂತೆ. ಎಲ್ಲರೂ ಒಂದಿಷ್ಟು ಬಲಕ್ಕೆ ಬಾಗುತ್ತಿದ್ದರು, ಡಾಕ್ಟರಮ್ಮನಿಗೆ ಗೊತ್ತಾಗದ ಹಾಗೆ. ನನ್ನ ಬಲಗಾಲು ಉಳಿದ ಎರಡಕ್ಕಿಂತ ಬೇಗ ಸವೆದದ್ದು ಇದರಿಂದಲೇ. ಹೊರಗೆ ಜಗಲಿಯಲ್ಲಿ ಕೂತವರ ಮಾತೂ ಬಾಗಿಲು ತೆರೆದಾಗ ಕೇಳುತ್ತಿತ್ತು. ಮೈಯೊಳಗಿನ ಎಲುಬೆಲ್ಲ ಅದರಲ್ಲಿ ಕಾಣುತ್ತದೆ ಎಂದು ಒಬ್ಬರು. ಎಲುಬೂ ಇಲ್ಲ ಏನೂ ಇಲ್ಲ, ಆಯಮ್ಮ ಇಸ್ಪೀಟು ಆಡ್ತಾಳೆ, ನಮ್ಮ ಬ್ಯಾಂಕಿನಲ್ಲಿ ನೋಡಿದ್ದೇನೆ ಎಂದು ಇನ್ನೊಬ್ಬರು. ಪುಸ್ತಕ ನೋಡಿದಂತೆ ಅದನ್ನು ನೋಡಿ ಔಷಧಿ ಕೊಡುವವರು ಎಂಥ ಡಾಕ್ಟರು ಎಂದು ಒಬ್ಬ ಮುದುಕನ ಗೊಣಗಾಟ. ನೋಡಿ ಕೊಟ್ಟರೇ ಒಳ್ಳೇದಲ್ಲವೇ, ನೋಡದೆ ಕೊಡೋರು ಬೇಕಾ ನಿನಗೆ ಎಂದು ಅವನ ಹೆಂಡತಿಯ ಚುಚ್ಚು.

ಒಳಗೆ ಬಂದ ಮೇಲೆ ಒಬ್ಬೊಬ್ಬರದು ಒಂದೊಂದು ಬಗೆ. ಹೆಂಗಸರು ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು, ಹಿರಿಯರ ಮುಂದೆ ಕೂತಂತೆ. ಮಿಲ್ಲಿನಿಂದ ನಿವೃತ್ತನಾದ ಒಬ್ಬಾತ ಪ್ರತಿ ಸಲ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚುತ್ತಿದ್ದ. ಹಳೇ ಫೋಟೋ ಅಂಗಡಿಯ ನೆನಪಿರಬೇಕು. ಇನ್ನೊಬ್ಬಾಕೆ ಡಾಕ್ಟರಮ್ಮನನ್ನು ಬಿಟ್ಟು ನೇರ ಕಂಪ್ಯೂಟರಿಗೇ ಹೇಳುತ್ತಿದ್ದಳು, ಜೋರಾಗಿ, ಬಿಡಿಸಿ ಬಿಡಿಸಿ, ದೂರದ ಊರಿಗೆ ಫೋನಿನಲ್ಲಿ ಮಾತಾಡಿದ ಹಾಗೆ. ಕೆಲವರಿಗೆ ಬೇಸರ ಇತ್ತು. ನಮ್ಮ ಮುಖ ನೋಡದೆ ನಮ್ಮ ನೋವು ಹೇಗೆ ಗೊತ್ತಾಗುತ್ತದೆ ಎಂಬ ಬೇಸರ. ಅಂಥವರು ಬೇಗ ಏಳುತ್ತಿದ್ದರು.

ಆದರೆ ಎಲ್ಲರೂ ಹಾಗಲ್ಲ ನೋಡಿ. ಕಿವಿ ಕೇಳದ ಒಬ್ಬ ಮೇಷ್ಟ್ರು ಬರುತ್ತಿದ್ದರು. ಹಳೇ ಡಾಕ್ಟರು ಅವರಿಗೆ ಕೂಗಿ ಹೇಳಿ ಹೇಳಿ, ಅವರ ಮೂಲವ್ಯಾಧಿ ಇಡೀ ಬೀದಿಗೆ ಗೊತ್ತಾಗಿತ್ತು. ಡಾಕ್ಟರಮ್ಮ ಅವರನ್ನು ತಮ್ಮ ಪಕ್ಕಕ್ಕೆ ಕರೆದು, ಅದರಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ಮೇಷ್ಟ್ರು ಓದಿ, ನಕ್ಕು, ಅಲ್ಲೇ ಉತ್ತರ ಬರೆಯಲು ಚಾಕ್‌ಪೀಸ್ ಹುಡುಕುವವರಂತೆ ಕೈ ಆಡಿಸಿದರಂತೆ. ನಾಗೋಜಿ ಇದನ್ನು ಹೇಳಿಕೊಂಡು ನಗುತ್ತಿದ್ದ. ಇನ್ನೊಮ್ಮೆ ಒಬ್ಬ ಕಾಲೇಜು ಹುಡುಗಿ ಬಂದಳು. ತುದಿಯಲ್ಲಿ, ಬೀಳುವ ಹಾಗೆ ಕೂತಳು. ಡಾಕ್ಟರಮ್ಮ ಅವಳ ಮುಖ ನೋಡಿದಾಗಲೆಲ್ಲ ಅವಳ ಬಾಯಿ ಕಟ್ಟಿತು. ಅವರು ತಿರುಗಿ ಕೀಲಿಗಳ ಮೇಲೆ ಬೆರಳು ಆಡಿಸತೊಡಗಿದ ಮೇಲೆ, ಯಾರೂ ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ, ಎಲ್ಲವನ್ನೂ ಹೇಳಿಬಿಟ್ಟಳು. ಏನು ಹೇಳಿದಳು ಎನ್ನುವುದು ನನ್ನಲ್ಲೇ ಇರಲಿ. ಹೇಳುತ್ತ ಹೇಳುತ್ತ ಹಲಗೆಯ ನಡುವಿಗೆ ಬಂದು ಭದ್ರವಾಗಿ ಕೂತಳು. ಹಾಗಾಗಿ ಈ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ನನಗೆ ಇವತ್ತಿಗೂ ಒಂದೇ ಮಾತಿನಲ್ಲಿ ಹೇಳಲು ಬಾರದು.

ಒಂದು ಮಾತ್ರ ನನ್ನ ಲಕ್ಷ್ಯಕ್ಕೆ ಬಂದಿತ್ತು. ಪೆನ್ನಿನ ಮುಚ್ಚಳದ ಆ ಸದ್ದು ನಿಂತುಹೋಗಿತ್ತು. ರೋಗಿ ಅರ್ಧ ಏಳುವ ಹೊತ್ತಿಗೆ ಡಾಕ್ಟರಮ್ಮ ಇನ್ನೂ ಟೈಪ್ ಮಾಡುತ್ತಿರುತ್ತಿದ್ದರು. ಬರೆಯುತ್ತಿರುವವರನ್ನು ನಡುವೆ ಮಾತಾಡಿಸಬಾರದು ಎನ್ನುವುದು ನಮ್ಮ ಜನರ ಮರ್ಯಾದೆ. ಬರೆದು ಮುಗಿಸಲಿ ಎಂದು ಕಾಯುತ್ತಾರೆ. ಬರೆದು ಮುಗಿಯುತ್ತಲೇ ಡಾಕ್ಟರಮ್ಮ ಗಂಟೆ ಒತ್ತುತ್ತಾರೆ, ಮುಂದಿನವರು ಬಾಗಿಲಲ್ಲಿ ಬಂದು ನಿಂತಿರುತ್ತಾರೆ. ಅರ್ಧ ಎದ್ದ ಮಾತು ಅರ್ಧದಲ್ಲೇ ಮನೆಗೆ ಹೋಗುತ್ತಿತ್ತು. ಡಾಕ್ಟರಮ್ಮನಿಗೆ ಇದು ಗೊತ್ತಾಗುವುದು ಹೇಗೆ? ಅವರು ಕೂತದ್ದು ಬೇರೆ ಕುರ್ಚಿ.

ಉಚ್ಚೆಂಗಮ್ಮ ಬಂದದ್ದು ಆ ದಿನಗಳಲ್ಲಿ.

ನಮ್ಮ ಆಸ್ಪತ್ರೆಯ ಹಿಂದಿನ ಬೀದಿಯೆಲ್ಲ ಮಂಡಕ್ಕಿ ಭಟ್ಟಿ. ಉಚ್ಚೆಂಗಮ್ಮ ಅಲ್ಲಿ ಕಾದ ಮರಳಿನಿಂದ ಮಂಡಕ್ಕಿ ಜರಡಿ ಹಿಡಿಯುವವಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಮರಳು ಚೆಲ್ಲಿ ಮುಂಗೈ ಸುಟ್ಟಿತ್ತು. ಅದಕ್ಕೆ ಹಲ್ಲುಪುಡಿ ಮೆತ್ತಿಕೊಂಡು ಸುಮ್ಮನಿದ್ದಳು. ಅದು ಕೀವಾಗಿ, ತೋಳು ಬಾತು, ಜ್ವರ ಏರಿದ ಮೇಲೆ ಅವಳ ಓರಗಿತ್ತಿ ತಿಪ್ಪಮ್ಮ ತನ್ನದೇ ಒಂದು ಒಳ್ಳೆಯ ಸೀರೆ ಉಡಿಸಿ ಎಳೆದುಕೊಂಡು ಬಂದಿದ್ದಳು. ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ಒಂದು ಮಗುವಿಗೆ ಪಟ್ಟಿ ಕಟ್ಟುತ್ತಿದ್ದರು. ಉಚ್ಚೆಂಗಮ್ಮ ನನ್ನ ಮೇಲೆ ಕೂತಳು. ಜ್ವರದ ಕಾವು ಹಲಗೆಗೂ ತಾಗಿತು. ಕೂತವಳೇ ಬಲಕ್ಕೆ ಬಾಗಿ ನೋಡಿದಳು. ಏನೂ ಕಾಣಲಿಲ್ಲ.

ತಿಪ್ಪಮ್ಮ ಪಕ್ಕದಲ್ಲಿ ನಿಂತಿದ್ದಳು. "ಅಕ್ಕಾ, ಆ ಸೂಜಿ ವಿಷ್ಯ ಮೊದ್ಲು ಹೇಳ್ಬಿಡು. ದೊಡ್ಡಾಸ್ಪತ್ರೆಯಾಗೆ ಹಾಕ್ದಾಗ ಮುಖ ಬಾತು ಉಸ್ರು ಕಟ್ಟಿತ್ತಲ್ಲ. ಇನ್ನೊಂದ್ಸಲ ಹಾಕಿದ್ರೆ ಉಳಿಯಲ್ಲ ಅಂದಿದ್ರಲ್ಲ" ಎಂದಳು.

"ಹೇಳೋದೇನೈತೆ? ಅಲ್ಲಿ ಆ ಹುಡುಗಿ ನನ್ನ ಮುಂದೇನೇ ಟಕಟಕ ಒತ್ತಿ ಎಲ್ಲಾನೂ ಕಂಪ್ಯೂಟ್ರಿಗೆ ಹಾಕ್ಯಾಳೆ. ಅಲ್ಲಿ ಹಾಕಿದ್ರೂ ಒಂದೇ, ಇಲ್ಲಿ ಹಾಕಿದ್ರೂ ಒಂದೇ. ರೇಷನ್ ಅಂಗ್ಡಿಯಾಗೆ ಹೆಬ್ಬೆಟ್ಟು ಒತ್ತಿದ್ರೆ ಬೆಂಗ್ಳೂರಾಗೆ ಗೊತ್ತಾಗಲ್ವಾ?"

"ಆದ್ರೂ ಬಾಯಾಗ ಒಂದ್ ಮಾತು..."

"ಓದ್ತಾ ಇರೋರ ಮುಂದೆ ಅವ್ರು ಓದಿದ್ದನ್ನೇ ಒದರಿದ್ರೆ ಏನಂತಾರೆ? ಸುಮ್ನಿರು ನೀನು."

ಕೋಣೆ ಚಿಕ್ಕದು. ನಾಗೋಜಿ ಬಂದು ತಿಪ್ಪಮ್ಮನನ್ನು ಜಗಲಿಗೆ ಕಳಿಸಿದ. ಡಾಕ್ಟರಮ್ಮ ಒಳಗೆ ಬಂದರು. ಕೈಯನ್ನು ಮೃದುವಾಗಿ ಹಿಡಿದು ನೋಡಿದರು, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಬೈದರು, ಕೀವು ತೆಗೆದು ಸೂಜಿ ಹಾಕಬೇಕು ಎಂದರು. ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಆ ಕಡೆ ಹೋಗಿ ಕೂತು, ಅದರತ್ತ ಮುಖ ಮಾಡಿ ಕೇಳತೊಡಗಿದರು. ಸಕ್ಕರೆ ಕಾಯಿಲೆ ಇದೆಯೇ ಎಂದರು. ಇಲ್ರೀ ಎಂದಳು. ಬಿಪಿ? ಅದೂ ಇಲ್ಲ.

"ಯಾವುದಾದರೂ ಔಷಧಿ, ಸೂಜಿ ನಿಮಗೆ ಆಗಿಬರಲ್ಲ ಅಂತ ಇದೆಯಾ?"

ಉಚ್ಚೆಂಗಮ್ಮನಿಗೆ ಸಮಾಧಾನವಾಯಿತು. ನೋಡು, ಸಿಕ್ಕಿತು ಇವರಿಗೆ, ಅದನ್ನು ಓದಿಕೊಂಡೇ ಕೇಳುತ್ತಿದ್ದಾರೆ ಎಂದುಕೊಂಡಿರಬೇಕು. ಅವಳ ಭಾರ ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು. ಮತ್ತೊಮ್ಮೆ ಮುಂದಕ್ಕೆ, ಹಿಂದಕ್ಕೆ. ಹೌದು, ಹೌದು. ಗಲ್ಲವನ್ನು ಕಂಪ್ಯೂಟರಿನ ಕಡೆಗೆ ಚಾಚಿ ತೋರಿಸಿಯೂ ಆಯಿತು.

ಡಾಕ್ಟರಮ್ಮನ ಕಣ್ಣು ಅದರ ಮೇಲಿತ್ತು. ಅವರಿಗೆ ಕೇಳಿಸಿದ್ದು ಮೌನ. ಮೌನ ಎಂದರೆ ಏನೂ ಇಲ್ಲ. ಒಂದು ಕೀಲಿ ಒತ್ತಿದ ಸದ್ದಾಯಿತು. ಕೋಣೆಯ ಕೊನೆಯಲ್ಲಿ ಇಳಿಬಿಟ್ಟ ಬಟ್ಟೆಯ ಪರದೆಯ ಹಿಂದಿದ್ದ ನಾಗೋಜಿಗೆ ಔಷಧಿಯ ಹೆಸರು ಕೂಗಿ ಹೇಳಿದರು. ಬೀರುವಿನ ಬಾಗಿಲು ತೆರೆದುಕೊಂಡಿತು. ಗಾಜಿನ ಸೀಸೆ ಟ್ರೇಗೆ ತಾಗಿ ಕಿಣ್ ಎಂದಿತು.

ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ಆ ತಲೆಯಾಟ ತಿಳಿದವನು ನಾನೊಬ್ಬನೇ. ಗೊತ್ತಿದ್ದು ಏನು ಮಾಡಲಿ? ಕಬ್ಬಿಣಕ್ಕೆ ಬಾಯಿ ಇಲ್ಲ.

ಪರದೆಯ ಹಿಂದೆ ಹೋಗಿ ಮಲಗಿ, ಸೂಜಿ ಅಲ್ಲೇ ಹಾಕ್ತಾರೆ ಎಂದರು ಡಾಕ್ಟರಮ್ಮ, ಟೈಪ್ ಮಾಡುತ್ತಲೇ. ಉಚ್ಚೆಂಗಮ್ಮ ಏಳಲು ಮೈ ಎತ್ತಿದಳು. ಅರ್ಧ ಎದ್ದಳು. ಅಷ್ಟಕ್ಕೇ ನಿಂತಳು. ಬಾಗಿ ಬಾಗಿ ನೋಡುವ ಅವಳ ಸಡಗರದಲ್ಲಿ ಹಲಗೆ ಒಂದು ಸುತ್ತು ತಿರುಗಿತ್ತು. ಸೀರೆಯ ಅಂಚು ನನ್ನ ತಿರುಪಿನ ಸಂದಿಗೆ ಸಿಕ್ಕಿತ್ತು. ಬೇಕೆಂದೇ ಹಿಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ಸೀರೆ ಹಾಗೆಯೇ ಹಿಡಿದಿದ್ದೇನೆ. ಆದರೆ ಬಿಡಲು ಅಂದು ನನಗೆ ಮನಸ್ಸಿರಲಿಲ್ಲ, ಅದು ನಿಜ.

ಅವಳು ಎಳೆದಳು. ಬರಲಿಲ್ಲ. ಬೇರೆ ದಿನವಾದರೆ ನಾಗೋಜಿ ಬಂದು ಬಿಡಿಸುತ್ತಿದ್ದ. ಅವನು ಪರದೆಯ ಹಿಂದೆ ಸೀಸೆಯ ಮುಚ್ಚಳ ಒರೆಸುತ್ತಿದ್ದ. ಡಾಕ್ಟರಮ್ಮ ಎಳೆದು ಹರಿದುಬಿಡಿ ಎನ್ನುವವರಿದ್ದರೇನೋ, ಅಷ್ಟರಲ್ಲಿ ಉಚ್ಚೆಂಗಮ್ಮ, "ಹರೀಬಾರ್ದು ಕಣ್ರೀ, ತಿಪ್ಪಮ್ಮಂದು. ಜನ್ಮ ಪೂರ್ತಿ ಅಂದಾಡ್ತಾಳೆ" ಎಂದಳು. ಡಾಕ್ಟರಮ್ಮ ನಕ್ಕು, ಎದ್ದು, ಮೇಜು ಸುತ್ತಿ ಬಂದು ನನ್ನ ಬುಡದಲ್ಲಿ ನೆಲದ ಮೇಲೆ ಕೂತರು. ಅಷ್ಟು ಹತ್ತಿರದಿಂದ ಅವರ ಮುಖ ನಾನು ನೋಡಿದ್ದು ಅದೇ ಮೊದಲು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವರು ಎರಡೂ ಕೈಯಿಂದ ನನ್ನ ಹಲಗೆಯನ್ನು ಹಿಂದಕ್ಕೆ ತಿರುಗಿಸತೊಡಗಿದರು.

ದೊಡ್ಡವರು ತನ್ನ ಕಾಲ ಬಳಿ ಕೂತದ್ದಕ್ಕೆ ಉಚ್ಚೆಂಗಮ್ಮನಿಗೆ ಮುಜುಗರ. ಸುಮ್ಮನೆ ನಿಲ್ಲಲಾಗದೆ, ಬಂದಾಗಿನಿಂದ ಕೇಳಬೇಕೆಂದಿದ್ದ ಒಂದು ಮಾತನ್ನು ಕೇಳಿಬಿಟ್ಟಳು.

"ಅಂದಂಗೆ ಡಾಕ್ಟ್ರಮ್ಮ, ಅದ್ರಾಗೆ ನನ್ನ ಮುಖ ಬಾತಿದ್ದೂ ಕಾಣ್ತೈತಾ?"

"ಯಾವ ಮುಖ?"

"ನಂದೇ. ಆ ಸೂಜಿ ಹಾಕ್ದಾಗ ಕುಂಬ್ಳಕಾಯಿ ಆಗಿತ್ತಲ್ಲ. ಫೋಟೋನೇ ಇರ್ತೈತೋ, ಬರೇ ಅಕ್ಷರನೋ?"

ನನ್ನ ಮೇಲಿದ್ದ ಎರಡು ಕೈ ನಿಂತವು. ಡಾಕ್ಟರಮ್ಮ ಜೋರು ಮಾಡಲಿಲ್ಲ. ಕೂತಲ್ಲಿಂದಲೇ ಪರದೆಯ ಕಡೆ ತಿರುಗಿ ಹೇಳಿದರು.

"ನಾಗೋಜಿಯಣ್ಣ, ಆ ಸೂಜಿ ಕೆಳಗಿಡಿ."

ಆಮೇಲೆ ತಿಪ್ಪಮ್ಮನನ್ನು ಒಳಗೆ ಕರೆಸಿದರು. ಯಾವ ಆಸ್ಪತ್ರೆ, ಯಾವಾಗ, ಯಾಕೆ ಎಂದೆಲ್ಲ ವಿಚಾರಿಸಿ ಅಲ್ಲಿಗೆ ಫೋನು ಮಾಡಿದರು. ಆ ಕಡೆಯಿಂದ ಆ ಸೂಜಿಯ ಹೆಸರು ಹೇಳಿದರು. ನಾಗೋಜಿಯ ಟ್ರೇಯಲ್ಲಿದ್ದದ್ದೂ ಅದೇ ಜಾತಿಯ ಔಷಧಿ. ಅವರು ಫೋನು ಇಟ್ಟು ಉಚ್ಚೆಂಗಮ್ಮನ ಎದುರಿಗೆ ಬಂದರು.

"ನಾನು ಕೇಳಿದಾಗ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ನಲ್ರೀ" ಎಂದಳು ಉಚ್ಚೆಂಗಮ್ಮ. ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ತಲೆ ಆಡ್ಸಿದೆ."

ಆ ಕೋಣೆಯಲ್ಲಿ ನಾನು ಕೇಳಿದ ಮಾತುಗಳಲ್ಲೆಲ್ಲ ನನಗೆ ಬಹಳ ದಿನ ಉಳಿದದ್ದು ಈ ಎರಡು ಪದ. ಬೇರೆ ಔಷಧಿ ಕೊಟ್ಟರು. ಕೀವು ತೆಗೆದು ಪಟ್ಟಿ ಕಟ್ಟಿದರು. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಮಾಡಿದ ಒಂದು ಕೆಲಸ ನನ್ನ ಜೀವನದ ದೊಡ್ಡ ಆಸೆಯನ್ನು ತೀರಿಸಿತು. ಅವರು ಕಂಪ್ಯೂಟರಿನ ತಲೆಯನ್ನು ಎರಡೂ ಕೈಯಿಂದ ಹಿಡಿದು ಅಡ್ಡಕ್ಕೆ ತಿರುಗಿಸಿದರು. ಹಿಂದಿನ ವೈರೆಲ್ಲ ಎಳೆದಾಡಿದವು. ನನ್ನನ್ನು ಎತ್ತಿ ಮೇಜಿನ ಮೂಲೆಗೆ, ಹಳೇ ಜಾಗಕ್ಕೆ ತಂದಿಟ್ಟು, ಬನ್ನಿ ನೋಡಿ ಎಂದು ಉಚ್ಚೆಂಗಮ್ಮನನ್ನು ಕೂರಿಸಿದರು.

ನಾವಿಬ್ಬರೂ ನೋಡಿದೆವು. ಬಿಳಿಯ ಬಯಲು. ಅದರಲ್ಲಿ ಚಿಕ್ಕ ಚಿಕ್ಕ ಚೌಕ. ಕೆಲವು ಚೌಕದಲ್ಲಿ ಒಂದೊಂದು ಸಾಲು ಅಕ್ಷರ. ಉಳಿದವೆಲ್ಲ ಖಾಲಿ. ಎಲುಬಿಲ್ಲ, ಇಸ್ಪೀಟಿಲ್ಲ, ಬಾತ ಮುಖವೂ ಇಲ್ಲ.

"ಇಷ್ಟೇನಾ?" ಎಂದಳು ಉಚ್ಚೆಂಗಮ್ಮ. ನಾನೂ ಅದನ್ನೇ ಅಂದುಕೊಂಡಿದ್ದೆ.

ಇದರಾಗೆ ನಾನೆಲ್ಲಿದ್ದೀನಿ ಎಂದು ಕೇಳಿದಳು. ಡಾಕ್ಟರಮ್ಮ ಅವಳ ಹೆಸರು ತೋರಿಸಿದರು. ಓದಲು ಬಾರದಿದ್ದರೂ ಅವಳು ಅದರ ಮೇಲೆ ಬೆರಳಿಟ್ಟು ನೋಡಿದಳು. ದೊಡ್ಡಾಸ್ಪತ್ರೆಯ ಕಂಪ್ಯೂಟರ್ ಬೇರೆ, ಇದು ಬೇರೆ, ಇವೆರಡೂ ಮಾತಾಡುವುದಿಲ್ಲ, ನೀವು ಬಾಯಿಬಿಟ್ಟು ಹೇಳಿದರೆ ಮಾತ್ರ ಇದಕ್ಕೆ ತಿಳಿಯುವುದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಒಂದೇ ಊರಾಗಿದ್ದು ಮಾತಾಡಲ್ವಾ? ನಾನೂ ಇವಳ ಗಂಡಾನೂ ಹಂಗೇ ಬಿಡ್ರಿ" ಎಂದಳು ಉಚ್ಚೆಂಗಮ್ಮ. ತಿಪ್ಪಮ್ಮ ಅವಳ ಒಳ್ಳೆಯ ತೋಳಿಗೆ ಒಂದು ಚಿವುಟಿದಳು. ಡಾಕ್ಟರಮ್ಮ ನಗುತ್ತಲೇ ಖಾಲಿಯಿದ್ದ ಒಂದು ಚೌಕದಲ್ಲಿ, ಅವಳ ಕಣ್ಣೆದುರಿಗೇ, ಆ ಸೂಜಿಯ ಹೆಸರನ್ನು ಕೆಂಪು ಅಕ್ಷರದಲ್ಲಿ ಬರೆದರು. ನಗುತ್ತಿದ್ದರು ನಿಜ, ಆದರೆ ತಪ್ಪು ಅಕ್ಷರ ಬಿದ್ದು ಅಳಿಸಿ ಮತ್ತೆ ಬರೆಯಬೇಕಾಯಿತು.

ಕಂಪ್ಯೂಟರ್ ಆಮೇಲೆ ಅಡ್ಡಕ್ಕೇ ಉಳಿಯಿತು. ನಾನು ಮೂಲೆಯಲ್ಲೇ ಉಳಿದೆ. ಡಾಕ್ಟರಮ್ಮನಿಗೆ ಒಂದು ಹೊಸ ರೂಢಿ ಬಂತು. ಆ ಸೂಜಿಯ ಪ್ರಶ್ನೆ ಬಂದಾಗ ಎರಡೂ ಕೈಯನ್ನು ಕೀಲಿಗಳಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ರೋಗಿಯ ಕಡೆ ಪೂರ್ತಿ ತಿರುಗಿ ಕೇಳುವುದು. ಚೀಟಿ ಕೊಟ್ಟ ಮೇಲೂ ಹಾಗೆಯೇ, ಗಂಟೆ ಒತ್ತದೆ, ಕೈ ಎತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನಿರುವುದು. ಕೀಲಿಗಳ ಟಕಟಕ ನಿಂತಿತೆಂದರೆ ನನಗೆ ಹಳೇ ಪೆನ್ನಿನ ಮುಚ್ಚಳ ನೆನಪಾಗುತ್ತಿತ್ತು. ಫೋಟೋದ ಗುರುಶಾಂತಪ್ಪನವರು ಬಟ್ಟೆಯಿಂದ ಹೊರಗೆ ಬಂದು ನಿಂತದ್ದೂ ನೆನಪಾಗುತ್ತಿತ್ತು.

ಹಾಗೆಂದು ಎಲ್ಲ ಸುಖವಾಯಿತು ಎಂದು ತಿಳಿಯಬೇಡಿ. ಮುಖ ಕಂಡ ಮೇಲೆ ಜನಕ್ಕೆ ಅದರ ಮೇಲೆ ಇದ್ದ ಭಯಭಕ್ತಿ ಹೋಯಿತು. ವಯಸ್ಸು ಜಾಸ್ತಿ ಹಾಕೀರಿ, ಕಮ್ಮಿ ಮಾಡ್ರಿ ಎಂದು ಒಬ್ಬಾಕೆ ಜಗಳ ತೆಗೆದಳು. ಬಾಚಣಿಗೆಯ ಮನುಷ್ಯ ಇದರಲ್ಲಿ ಫೋಟೋ ಬರುವುದಿಲ್ಲ ಎಂದು ತಿಳಿದು ಬಹಳ ಸಪ್ಪಗಾದ. ಆ ಕಾಲೇಜು ಹುಡುಗಿಯಂಥವರು ಬಂದಾಗ ಡಾಕ್ಟರಮ್ಮ ಅದನ್ನು ಮತ್ತೆ ಆ ಕಡೆ ತಿರುಗಿಸಿಕೊಂಡು, ಏನೂ ಬರೆಯಲು ಇಲ್ಲದಿದ್ದರೂ ಬರೆಯುವವರಂತೆ ಬೆರಳು ಆಡಿಸುತ್ತ ಕೂರುತ್ತಿದ್ದರು. ಇದನ್ನು ಅವರಿಗೆ ಯಾರು ಹೇಳಿಕೊಟ್ಟರೋ ನನಗೆ ತಿಳಿಯದು.

ನನಗೆ ವಯಸ್ಸಾಯಿತು. ತಿರುಪಿನ ಹಲ್ಲು ಸವೆಯಿತು. ಒಬ್ಬ ದಪ್ಪ ವ್ಯಾಪಾರಿ ಕೂತಾಗ ನಾನು ಜರ್ರೆಂದು ಕೆಳಗಿಳಿದುಬಿಟ್ಟೆ. ಅವನಿಗೆ ಏನೂ ಆಗಲಿಲ್ಲ, ನನ್ನ ಕೆಲಸ ಮಾತ್ರ ಹೋಯಿತು. ಒರಗಿಕೊಳ್ಳುವ ಹೊಸ ಕುರ್ಚಿ ಬಂತು. ನಾಗೋಜಿಗೆ ನನ್ನನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ, ಫಿನೈಲ್ ಡಬ್ಬ, ಮುರಿದ ತೂಕದ ಯಂತ್ರಗಳ ಜೊತೆ ಇಟ್ಟ. ಕೆಲವು ವರ್ಷದ ಮೇಲೆ ಆ ದಪ್ಪ ಬೆನ್ನಿನ ಕಂಪ್ಯೂಟರಿಗೂ ವಯಸ್ಸಾಯಿತು. ಡಾಕ್ಟರಮ್ಮನಿಗೆ ತೆಳ್ಳಗಿನ ಹೊಸದು ಬಂತು. ನಾಗೋಜಿ ಹಳೆಯದನ್ನು ಎತ್ತಿ ತಂದು, ನೆಲದ ತೇವ ತಾಗದಿರಲಿ ಎಂದು, ನನ್ನ ಮೇಲೆ ಕೂರಿಸಿದ. ಮುಖ ಗೋಡೆಗೆ.

ಈಗ ಅದು ನನ್ನ ರೋಗಿ. ಇಷ್ಟು ಜನರನ್ನು ಹೊತ್ತ ನನಗೆ ಅದರ ಭಾರದಿಂದ ಏನಾದರೂ ತಿಳಿಯುತ್ತದೆಯೇ ಎಂದು ಮೊದಮೊದಲು ಕಾದು ನೋಡಿದೆ. ಅದು ತುದಿಗೆ ಜರುಗುವುದಿಲ್ಲ. ಬಲಕ್ಕೆ ಬಾಗುವುದಿಲ್ಲ. ತಲೆ ಆಡಿಸುವುದಿಲ್ಲ. ಪಾಪ, ಎಷ್ಟು ಜನರ ನೋವು ಅದರ ಮುಂದೆ ಹಾದುಹೋಗಿತ್ತೋ, ಒಂದೂ ಅದಕ್ಕೆ ತಾಗಿರಲಿಲ್ಲ. ಅದರ ಮೇಲೆ ನನಗೆ ಸಿಟ್ಟಿಲ್ಲ. ಒಳಗೆ ಏನಿದೆಯೋ ಎಂಬ ಹಳೇ ಕುತೂಹಲವೂ ಪೂರ್ತಿ ಹೋಗಿಲ್ಲ.

ಮೊನ್ನೆ ಉಚ್ಚೆಂಗಮ್ಮ ಬಂದಿದ್ದಳು. ಜರಡಿ ಬಿಟ್ಟು ಬಹಳ ಕಾಲವಾಗಿದೆ, ಧ್ವನಿ ನಡುಗುತ್ತದೆ. ತಿಪ್ಪಮ್ಮನ ಸೀರೆ ಕಚ್ಚಿದ ಸ್ಟೂಲು ಎಲ್ಲಿ ಹೋಯಿತು ಎಂದು ನಾಗೋಜಿಯನ್ನು ಕೇಳಿದಳು. ಅವನು ಬಾಗಿಲು ತೆರೆದು ತೋರಿಸಿದ. ಅವಳು ಒಳಗೆ ಇಣುಕಿ ನಕ್ಕಳು.

"ಇದೇನೋ ನಾಗೋಜಿ, ಈಗ ಇದು ಪೇಷಂಟಾಗಿ ಕೂತೈತೆ. ಏನಾಗೈತಂತೆ ಇದಕ್ಕೆ?"

ನಾಗೋಜಿ ಏನೋ ಹೇಳಿ ನಕ್ಕ. ಅವಳ ಸರದಿ ಬಂದು ಒಳಗೆ ಕರೆದರು. ಗೋಡೆಯ ಆಚೆಯೇ ಡಾಕ್ಟರಮ್ಮನ ಕೋಣೆ, ಎಲ್ಲ ಕೇಳುತ್ತದೆ. ಮಂಡಿ ನೋವು ಎಂದಳು, ನಿದ್ದೆ ಇಲ್ಲ ಎಂದಳು. ಕೀಲಿಗಳು ಟಕಟಕ ಎಂದವು. ಚೀಟಿ ಹರಿದ ಸದ್ದಾಯಿತು. ಹೊಸ ಕುರ್ಚಿ ಕಿರ್ರೆಂದಿತು, ಎದ್ದಳು ಎಂದುಕೊಂಡೆ. ಅರ್ಧ ಎದ್ದಿರಬೇಕು. ಟಕಟಕ ನಿಂತಿತು. ಯಾರೂ ಗಂಟೆ ಒತ್ತಲಿಲ್ಲ. ನಾನು ನನ್ನ ಮೇಲಿನ ಭಾರವನ್ನು ಅಲುಗಿಸದೆ ಕಿವಿಗೊಟ್ಟು ಕಾದೆ.

"ಅಂದಂಗೆ ಡಾಕ್ಟ್ರಮ್ಮ" ಎಂದಳು ಉಚ್ಚೆಂಗಮ್ಮ.

ಕುರ್ಚಿ ಮತ್ತೊಮ್ಮೆ ಕಿರ್ರೆಂದಿತು. ಅವಳು ಮತ್ತೆ ಕೂತಳು.